ಬಾಯಿ ಬಿಡಿಸುವ ಮುನ್ನ

ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಒಂದು ವಾಕ್ಯ ಎಷ್ಟು ವರ್ಷವಾದರೂ ಹಳಸುವುದಿಲ್ಲ: ಪೊಲೀಸರು ‘ತಮ್ಮದೇ ಶೈಲಿಯಲ್ಲಿ’ ವಿಚಾರಿಸಿದಾಗ ಆರೋಪಿ ಬಾಯಿಬಿಟ್ಟ. ಆ ಶೈಲಿ ಎಂಥದ್ದೆಂದು ಬರೆದವರು ಬಿಡಿಸಿ ಹೇಳುವುದಿಲ್ಲ, ಓದುವವರೂ ಕೇಳುವುದಿಲ್ಲ. ಸತ್ಯವೆನ್ನುವುದು ಬಾಯೊಳಗೆ ಬೀಗ ಹಾಕಿಟ್ಟ ಒಡವೆ, ಬೀಗ ಮುರಿದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಆ ನುಡಿಗಟ್ಟಿನಲ್ಲೇ ಕೂತಿದೆ. ಅದು ಎಷ್ಟು ಪೊಳ್ಳು ಅನ್ನುವುದು ನನಗೆ ಮನವರಿಕೆಯಾದದ್ದು ಠಾಣೆಯ ಕಥೆಗಳಿಂದಲ್ಲ. ಅಮೆರಿಕದಲ್ಲಿ ಸಣ್ಣ ವಿಮಾನ ಹಾರಿಸುವವರ ಕಾನೂನು ತಕರಾರುಗಳನ್ನು ಓದುತ್ತ ಹೋದಾಗ.

ಅಲ್ಲಿ ಊರೂರಿಗೂ ಸಣ್ಣ ವಿಮಾನ ನಿಲ್ದಾಣ. ನಾವು ಭಾನುವಾರ ಕಾರು ತೆಗೆದು ನಂದಿ ಬೆಟ್ಟಕ್ಕೆ ಹೋದ ಹಾಗೆ ನಾಲ್ಕು ಸೀಟಿನ ವಿಮಾನ ತೆಗೆದು ಪಕ್ಕದ ಊರಿಗೆ ತಿಂಡಿಗೆ ಹೋಗುವವರಿದ್ದಾರೆ. ಇಳಿದು ಎಂಜಿನ್ ಆರಿಸುವ ಹೊತ್ತಿಗೆ ಸ್ಥಳೀಯ ಪೊಲೀಸಿನವನು ಬಂದು ನಿಂತನೆನ್ನಿ. ಪೈಲಟ್ ಏನು ಮಾಡಬೇಕು? ಅಮೆರಿಕದ ವಿಮಾನಯಾನ ನಿಯಮಗಳ 61ನೇ ಭಾಗದಲ್ಲಿ ಉತ್ತರವಿದೆ. ಪೈಲಟ್ ಸರ್ಟಿಫಿಕೇಟ್, ಮೆಡಿಕಲ್ ಸರ್ಟಿಫಿಕೇಟ್, ಫೋಟೊ ಇರುವ ಗುರುತಿನ ಚೀಟಿ, ಇವನ್ನು ವಿಮಾನಯಾನ ಇಲಾಖೆಯವರು ಕೇಳಿದರೂ ತೋರಿಸಬೇಕು, ಒಕ್ಕೂಟದ, ರಾಜ್ಯದ ಅಥವಾ ಸ್ಥಳೀಯ ಪೊಲೀಸರು ಕೇಳಿದರೂ ತೋರಿಸಬೇಕು. ಕಾರಣ ಕೊಡಿ ಎನ್ನುವ ಹಾಗಿಲ್ಲ. ಅಂದಹಾಗೆ, ಪೈಲಟ್ ಸರ್ಟಿಫಿಕೇಟ್ ಎಂಬ ಆ ಪ್ಲಾಸ್ಟಿಕ್ ಕಾರ್ಡಿನಲ್ಲಿ ಪೈಲಟ್‌ನ ಎತ್ತರ, ತೂಕ, ಕಣ್ಣಿನ ಬಣ್ಣ ಎಲ್ಲ ಇರುತ್ತದೆ, ಫೋಟೊ ಮಾತ್ರ ಇರುವುದಿಲ್ಲ. ಅದರ ಮೇಲಿರುವ ಮುಖಗಳು ರೈಟ್ ಸೋದರರವು!

ವಿಚಿತ್ರವೆಂದರೆ, ಈ ವಿಷಯದಲ್ಲಿ ಪೈಲಟ್‌ಗಿಂತ ಕಾರಿನವನೇ ಹೆಚ್ಚು ಸ್ವತಂತ್ರ. ಯಾವ ಅನುಮಾನವೂ ಇಲ್ಲದೆ, ಬರೀ ಲೈಸೆನ್ಸ್ ನೋಡುವುದಕ್ಕೆಂದು ತೋಚಿದ ಕಾರನ್ನು ತಡೆಯಕೂಡದು ಎಂದು 1979ರ ಡೆಲವೇರ್ ವಿರುದ್ಧ ಪ್ರೌಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಹಾರುವವನಿಗೆ ಅಷ್ಟು ರಿಯಾಯಿತಿ ಇಲ್ಲ. ಆಕಾಶ ಎಲ್ಲರದು, ಅದರಲ್ಲಿ ಹಾರುವುದು ಷರತ್ತಿನ ಮೇಲೆ ಸಿಕ್ಕ ಅನುಮತಿ, ಷರತ್ತು ಒಪ್ಪಿಕೊಂಡೇ ತಾನೇ ಕಾರ್ಡು ಪಡೆದದ್ದು ಎಂಬುದು ಇದರ ಸಮರ್ಥನೆ. ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಕಾರ್ಡು ಸರ್ಕಾರ ಕೊಟ್ಟದ್ದು. ಕೊಟ್ಟವರು ತೋರಿಸು ಅಂದರೆ ತೋರಿಸಬೇಕು. ಆದರೆ ಬಾಯಲ್ಲಿರುವ ಮಾತು ಸರ್ಕಾರ ಕೊಟ್ಟದ್ದಲ್ಲ. ‘ಎಲ್ಲಿಂದ ಬಂದೆ, ಜೊತೆಯಲ್ಲಿರುವುದು ಯಾರು, ಈ ಚೀಲದಲ್ಲಿ ಏನಿದೆ’ ಎಂಬ ಪ್ರಶ್ನೆಗಳಿಗೆ 61ನೇ ಭಾಗದಲ್ಲಿ ಜಾಗವಿಲ್ಲ. ತೋರಿಸುವುದು ಬೇರೆ, ಹೇಳುವುದು ಬೇರೆ.

ಕಾಗದದ ಮೇಲೆ ಸ್ಪಷ್ಟವಾಗಿರುವ ಈ ಗೆರೆ ಡಾಂಬರಿನ ಮೇಲೆ ನಿಂತಾಗ ಅಳಿಸಿಹೋಗುತ್ತದೆ. ಲೈಸೆನ್ಸ್ ಕೇಳಿದ ದನಿಯಲ್ಲೇ ಪೊಲೀಸ್ ‘ಬಾಗಿಲು ಸ್ವಲ್ಪ ತೆಗೀತೀರಾ?’ ಅನ್ನುತ್ತಾನೆ. ಮೊದಲಿನದು ಆಜ್ಞೆ, ಎರಡನೆಯದು ಬರೀ ಕೋರಿಕೆ. ‘ಇಲ್ಲ ಎನ್ನುವ ಹಕ್ಕು ನಿಮಗಿದೆ’ ಎಂದು ಅವನು ತಿಳಿಸಬೇಕಾಗಿಲ್ಲ. 1973ರಿಂದ ಅಲ್ಲಿನ ಕಾನೂನು ಹಾಗೇ ಇದೆ. ಸಿನಿಮಾಗಳಲ್ಲಿ ಕೇಳಿ ನಮಗೂ ಬಾಯಿಪಾಠವಾಗಿರುವ, ‘ಸುಮ್ಮನಿರುವ ಹಕ್ಕು ನಿಮಗಿದೆ’ ಎಂಬ ಮಿರಾಂಡಾ ಎಚ್ಚರಿಕೆ ಕಸ್ಟಡಿಗೆ ತೆಗೆದುಕೊಂಡು ಪ್ರಶ್ನಿಸುವಾಗ ಮಾತ್ರ. ಅದಕ್ಕೆ ಮುಂಚಿನ ಹರಟೆಯಂಥ ವಿಚಾರಣೆಗೆ ಯಾವ ಎಚ್ಚರಿಕೆಯೂ ಇಲ್ಲ. ಸಾಲದ್ದಕ್ಕೆ ಪೈಲಟ್ ಎಂದರೆ ಉತ್ತರಿಸುವುದನ್ನೇ ಕಲಿತ ಪ್ರಾಣಿ. ಕಂಟ್ರೋಲ್ ಟವರ್‌ನಿಂದ ಬಂದ ಸೂಚನೆಯನ್ನು ತಿರುಗಿ ಒಪ್ಪಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಆಕಾಶದಲ್ಲಿ ಜೀವ ಉಳಿಸುವ ಆ ಅಭ್ಯಾಸವೇ ನೆಲದ ಮೇಲೆ ಅವನನ್ನು ಸಿಕ್ಕಿಸಿಹಾಕುತ್ತದೆ.

ಇಲ್ಲಿ ಮಯಾಮಿ ವಿಮಾನ ನಿಲ್ದಾಣದ ಒಂದು ಪ್ರಕರಣ ಬಹಳ ಕಲಿಸುತ್ತದೆ. ಅದರಲ್ಲಿದ್ದವನು ಪೈಲಟ್ ಅಲ್ಲ, ರಾಯರ್ ಎಂಬ ಪ್ರಯಾಣಿಕ. ಪತ್ತೇದಾರರು ಅವನ ಟಿಕೆಟ್ ಮತ್ತು ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡರು, ವಾಪಸು ಕೊಡಲಿಲ್ಲ. ಸಾಮಾನು ತುಂಬಿಡುವ ಕೋಣೆಯಷ್ಟು ದೊಡ್ಡ ರೂಮಿಗೆ ಕರೆದೊಯ್ದರು, ಅವನ ಪೆಟ್ಟಿಗೆಗಳನ್ನೂ ತರಿಸಿದರು. ಕೂಗಾಟವಿಲ್ಲ, ಏಟಿಲ್ಲ. ಪೆಟ್ಟಿಗೆ ತೆಗೆಯಬಹುದೇ ಎಂದಾಗ ಅವನು ಮಾತಾಡದೆ ಕೀ ಹಾಕಿ ಒಂದನ್ನು ತೆರೆದ. ಗಾಂಜಾ ಇತ್ತು. ಎಲ್ಲ ಸೇರಿ ಸುಮಾರು 15 ನಿಮಿಷ. 1983ರಲ್ಲಿ ಸುಪ್ರೀಂ ಕೋರ್ಟ್ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. ಟಿಕೆಟ್ಟು ಅವರ ಕೈಯಲ್ಲಿರುವಾಗ ಅವನು ಎದ್ದು ಹೋಗುವುದಾದರೂ ಎಲ್ಲಿಗೆ?

ಈ ತರ್ಕವನ್ನು ಪೈಲಟ್‌ಗೆ ಹಚ್ಚಿ ನೋಡಿ. ಸರ್ಟಿಫಿಕೇಟ್ ಜೊತೆಯಲ್ಲಿಲ್ಲದೆ ಹಾರುವುದು ನಿಯಮಕ್ಕೆ ವಿರುದ್ಧ. ಅಂದಮೇಲೆ ಕಾರ್ಡನ್ನು ನೋಡಿ ಹಿಂದಿರುಗಿಸಿದ ಪೊಲೀಸ್ ಪರಿಶೀಲಿಸಿದ. ಜೇಬಿಗಿಟ್ಟುಕೊಂಡು ಮಾತಿಗೆ ನಿಂತವನು, ನನ್ನ ಪ್ರಕಾರ, ಬಂಧಿಸಿದ. ನಮ್ಮ ರಸ್ತೆಗಳಲ್ಲಿ ಸ್ಕೂಟರಿನ ಕೀ ಕಿತ್ತುಕೊಂಡು ‘ಸೈಡಿಗೆ ಹಾಕು’ ಎನ್ನುವುದನ್ನು ಅನುಭವಿಸಿದವರಿಗೆ ಇದಕ್ಕೆ ಸುಪ್ರೀಂ ಕೋರ್ಟಿನ ವಿವರಣೆ ಬೇಕಾಗಲಾರದು.

ತಪ್ಪು ಮಾಡದವನಿಗೆ ಭಯವೇಕೆ, ಹೇಳಿಬಿಟ್ಟರಾಯಿತಲ್ಲ? ಈ ಪ್ರಶ್ನೆ ಕೇಳುವವರು ದುಷ್ಟರಲ್ಲ, ಹೆಚ್ಚಾಗಿ ಸಜ್ಜನರೇ. ಅವರಿಗಾಗಿ ಎರಡು ಸಂಗತಿ.

2010ರ ಆಗಸ್ಟ್ 28ರಂದು ಜಾನ್ ಮತ್ತು ಮಾರ್ಥಾ ಕಿಂಗ್ ದಂಪತಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಇಳಿದರು. ಅಮೆರಿಕದ ಪೈಲಟ್ ಲೋಕದಲ್ಲಿ ಇವರು ಮನೆಮಾತು. ಅಸಂಖ್ಯ ಜನ ಹಾರುವುದನ್ನು ಕಲಿತದ್ದೇ ಇವರ ವಿಡಿಯೊ ಪಾಠಗಳಿಂದ. ವಿಮಾನ ನಿಂತ ಕೂಡಲೇ ಸ್ಥಳೀಯ ಪೊಲೀಸರು ಬಂದೂಕು ಗುರಿಯಿಟ್ಟು ಕೈ ಮೇಲೆತ್ತಿಸಿ, ಇಬ್ಬರಿಗೂ ಕೋಳ ತೊಡಿಸಿ ಬೇರೆ ಬೇರೆ ಕಾರಿನಲ್ಲಿ ಕೂರಿಸಿದರು. ಕಾರಣವಿಷ್ಟೆ: ಅವರ ವಿಮಾನದ ನೋಂದಣಿ ಸಂಖ್ಯೆ ಕಳವು ಪಟ್ಟಿಯಲ್ಲಿತ್ತು. 2002ರಲ್ಲಿ ಕಳುವಾದದ್ದು ಎರಡು ಸೀಟಿನ ಸೆಸ್ನಾ 150. ಆ ಸಂಖ್ಯೆ ರದ್ದಾಗಿ, ಕಾಲಾನಂತರ ಹೊಚ್ಚಹೊಸ ನಾಲ್ಕು ಸೀಟಿನ ಸೆಸ್ನಾ 172ಕ್ಕೆ ಸಿಕ್ಕಿತ್ತು. ಪಟ್ಟಿ ತಿದ್ದಬೇಕಾದವರು ತಿದ್ದಿರಲಿಲ್ಲ. ಅಚ್ಚರಿಯೇನು ಗೊತ್ತೆ? ಅದೇ ವಿಮಾನವನ್ನು ಅದಕ್ಕೂ ಮೊದಲು ಕಾನ್ಸಾಸ್‌ನ ವಿಚಿಟಾದಲ್ಲಿ ಅದೇ ಕಾರಣಕ್ಕೆ ತಡೆದು ಬಿಟ್ಟದ್ದಾಗಿತ್ತು. ಬಂದೂಕು ಎದುರಿಗಿರುವಾಗ ಹಕ್ಕಿನ ಪಾಠ ಒಪ್ಪಿಸುವುದು ಮೂರ್ಖತನ. ಹೇಳಿದಂತೆ ಕೇಳಿ ಜೀವ ಉಳಿಸಿಕೊಳ್ಳಬೇಕು. ಆದರೆ ಆ ದಂಪತಿ ಬಚ್ಚಿಟ್ಟದ್ದೇನು? ಏನೂ ಇಲ್ಲ. ತಪ್ಪು ಇದ್ದದ್ದು ಪ್ರಶ್ನೆ ಕೇಳುವವರ ಕಡತದಲ್ಲಿ.

ಇನ್ನೊಂದು, 2012ರ ಜುಲೈನದು. ದಕ್ಷಿಣ ಕೆರೊಲಿನಾದಲ್ಲಿ 70ರ ವಯಸ್ಸಿನ ಗ್ಲೈಡರ್ ಪೈಲಟ್ ಒಬ್ಬರು ಅಣು ವಿದ್ಯುತ್ ಸ್ಥಾವರವೊಂದರ ಮೇಲೆ ಹಾದುಹೋದರು. ಗ್ಲೈಡರ್‌ಗೆ ಎಂಜಿನ್ನಿಲ್ಲ, ಬಿಸಿಗಾಳಿ ಏಳುವ ಕಡೆ ಸುತ್ತಿ ಎತ್ತರ ಗಳಿಸಬೇಕು, ನಮ್ಮ ಗರುಡ ಸುತ್ತುವ ಹಾಗೆ. ಅಲ್ಲಿ ಹಾರಾಟಕ್ಕೆ ನಿಷೇಧವಿರಲಿಲ್ಲ. ಆದರೂ ಅವರನ್ನು ಇಳಿಸಿ, ಶಾಂತಿಭಂಗದ ಆರೋಪ ಹೊರಿಸಿ, ಸುಮಾರು ಒಂದು ದಿನ ಜೈಲಿನಲ್ಲಿಟ್ಟರು. ಆಮೇಲೆ ಆರೋಪ ಕೈಬಿಟ್ಟರು. ವಾಯುಪ್ರದೇಶದ ಕಾನೂನು ಊರ ಪೊಲೀಸರಿಗೆ ಗೊತ್ತಿರಬೇಕೆಂದು ನಾನೂ ಹೇಳುವುದಿಲ್ಲ. ಗೊತ್ತಿಲ್ಲದವನ ಮುಂದೆ ‘ಅಲ್ಲಿ ಸುತ್ತುತ್ತಿದ್ದೆ’ ಎಂಬ ನಿಜ ಹೇಳಿದರೂ ಅದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ ಎಂಬುದೇ ಕಷ್ಟ.

ಹಾಗಾದರೆ ಸುಮ್ಮನಿದ್ದರೆ ಕ್ಷೇಮವೇ? ಅದೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 2013ರ ಸಲೀನಸ್ ವಿರುದ್ಧ ಟೆಕ್ಸಸ್ ಮೊಕದ್ದಮೆ ಹೆಚ್ಚುಕಡಿಮೆ ಈ ಗಾದೆಯದೇ ತೀರ್ಪು. ಬಂಧನವಿಲ್ಲದೆ, ತಾನಾಗಿ ಠಾಣೆಗೆ ಹೋಗಿದ್ದವನು ಬಂದೂಕಿನ ಬಗ್ಗೆ ಕೇಳಿದ ಒಂದು ಪ್ರಶ್ನೆಗೆ ನೆಲ ನೋಡಿ ಸುಮ್ಮನಾದ. ಆ ಮೌನವನ್ನೇ ಅವನ ವಿರುದ್ಧ ಬಳಸಿದ್ದು ಸರಿ ಎಂದಿತು ಕೋರ್ಟು, ಮೌನದ ಹಕ್ಕನ್ನು ಅವನು ಬಾಯಿಬಿಟ್ಟು ಕೇಳಲಿಲ್ಲವೆಂಬ ಕಾರಣಕ್ಕೆ. ಸುಮ್ಮನಿರುವುದಕ್ಕೂ ಮಾತಾಡಬೇಕು! ಕೆಟ್ಟ ತೀರ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಇರುವುದು ಹಾಗೆ.

2001ರ ಸೆಪ್ಟೆಂಬರ್ 11ರ ವಿಮಾನ ದಾಳಿಯನ್ನು ಮರೆತು ಈ ಮಾತಾಡಲಾಗದು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಮಿನೆಸೋಟಾದಲ್ಲಿ, ಮುಂದೆ ಆ ದಾಳಿಯ ಸಂಚಿನಲ್ಲಿ ಶಿಕ್ಷೆಗೊಳಗಾದ ಝಕಾರಿಯಾಸ್ ಮೂಸಾವಿ ಸಿಕ್ಕಿಬಿದ್ದದ್ದು ಹೇಗೆ? ಅವನ ವರ್ತನೆ ವಿಚಿತ್ರವಾಗಿದೆಯೆಂದು ವಿಮಾನ ಶಾಲೆಯವರೇ ಎಫ್‌ಬಿಐಗೆ ತಿಳಿಸಿದ್ದರಿಂದ. ಅಲ್ಲಿದ್ದದ್ದು ನಿರ್ದಿಷ್ಟ ಅನುಮಾನ, ಅದಕ್ಕೊಂದು ಆಧಾರ. ಕಾನೂನು ಕೇಳುವುದೂ ಅಷ್ಟನ್ನೇ.

ಮೌನಕ್ಕೂ ಎಲ್ಲೆಯಿದೆ. ಕುಡಿದಿದ್ದಾನೆಂಬ ಶಂಕೆಯಿಂದ ಅಧಿಕಾರವಿರುವ ಪೊಲೀಸ್ ಪರೀಕ್ಷೆಗೆ ಕರೆದರೆ ಅಮೆರಿಕದ ಪೈಲಟ್ ಒಲ್ಲೆ ಎನ್ನುವಂತಿಲ್ಲ. ಎಂದರೆ ಸರ್ಟಿಫಿಕೇಟೇ ಹೋಗಬಹುದು. ಇದು ಸರಿಯೇ. ನಮ್ಮ ಸುಪ್ರೀಂ ಕೋರ್ಟ್ ಕೂಡ 1961ರಲ್ಲಿ ಬೆರಳಚ್ಚು, ಕೈಬರಹ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದಿತ್ತು. ಆದರೆ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಕೂಡದು ಎಂದು ಖಡಾಖಂಡಿತವಾಗಿ ಹೇಳಿತು. ಉಸಿರು ಊದಬೇಕು, ಮನಸ್ಸು ಬಿಚ್ಚಬೇಕಾಗಿಲ್ಲ.

ಹಾಗಾದರೆ ಸತ್ಯ ಹೊರಬರುವುದು ಹೇಗೆ? ವಿಮಾನಯಾನವೇ ಇದಕ್ಕೆ ಚೆಂದದ ಉತ್ತರ ಕಂಡುಕೊಂಡಿದೆ. 1976ರಿಂದ ಅಮೆರಿಕದ ಪೈಲಟ್‌ಗಳು ತಮ್ಮ ತಪ್ಪುಗಳನ್ನು ತಾವೇ ನಾಸಾಗೆ ಬರೆದು ಕಳಿಸುತ್ತಾರೆ. ಎತ್ತರ ತಪ್ಪಿದೆ, ಸೂಚನೆ ತಪ್ಪಾಗಿ ಕೇಳಿಸಿಕೊಂಡೆ, ಹೀಗೆ. ನಾಸಾದವರು ಹೆಸರಿರುವ ಚೀಟಿಯನ್ನು ಫಾರಂನಿಂದ ಹರಿದು, ಮುದ್ರೆಯೊತ್ತಿ, ಬರೆದವರಿಗೇ ಹಿಂದಿರುಗಿಸುತ್ತಾರೆ. ಅಪಘಾತ ಮತ್ತು ಅಪರಾಧಗಳನ್ನು ಬಿಟ್ಟರೆ ಆ ವರದಿಯನ್ನು ಇಲಾಖೆ ದಂಡನೆಗೆ ಬಳಸುವಂತಿಲ್ಲ. ಲಕ್ಷಗಟ್ಟಲೆ ತಪ್ಪೊಪ್ಪಿಗೆಗಳು ಬಂದಿವೆ, ಯಾರೂ ಯಾರ ಬಾಯಿಯನ್ನೂ ಬಿಡಿಸದೆ. ಠಾಣೆಯ ಶೈಲಿಯಿಂದ ಇಷ್ಟು ಸತ್ಯ ಯಾವ ದೇಶದಲ್ಲಾದರೂ ಬಂದದ್ದುಂಟೆ?

2012ರ ‘ಪೈಲಟ್ ಹಕ್ಕುಗಳ ಕಾಯ್ದೆ’ ವಿಮಾನಯಾನ ಇಲಾಖೆಯ ಮಟ್ಟಿಗೆ ಬಾಯಿ ಬಿಡಿಸದ ಇದೇ ದಾರಿ ಹಿಡಿಯಿತು: ನೀವು ಉತ್ತರಿಸಬೇಕಾಗಿಲ್ಲ, ಉತ್ತರಿಸಿದರೆ ಅದನ್ನು ನಿಮ್ಮ ವಿರುದ್ಧ ಬಳಸಬಹುದು ಎಂದು ಇಲಾಖೆ ತನಿಖೆಯಲ್ಲಿ ಮೊದಲೇ ತಿಳಿಸಬೇಕು. ಊರ ಪೊಲೀಸನಿಗೆ ಆ ಕಾಯ್ದೆ ತಗಲುವುದಿಲ್ಲ.

ನಮ್ಮ ಕಡೆಯ ಹುಡುಗ ಹುಡುಗಿಯರೂ ಹಾರಾಟ ಕಲಿಯಲು ಫ್ಲಾರಿಡಾ, ಅರಿಜೋನಾಗಳಿಗೆ ಹೋಗುತ್ತಾರೆ. ಪರದೇಶದವರಿಗೆಲ್ಲಿ ಹಕ್ಕು ಎಂದು ಕುಗ್ಗಬೇಕಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲವೆನ್ನುವ ಅವರ ಸಂವಿಧಾನದ ಐದನೇ ತಿದ್ದುಪಡಿಯೂ ನಮ್ಮ 20(3)ನೇ ವಿಧಿಯೂ ಹೇಳುವುದು ‘ಪ್ರಜೆ’ ಎಂದಲ್ಲ, ‘ವ್ಯಕ್ತಿ’ ಎಂದು. ಮನೆಯಿಂದ ಅಂಥವರು ಹೊರಟಿದ್ದರೆ, ಉಪ್ಪಿನಕಾಯಿ ಬಾಟಲಿಯ ಜೊತೆಗೆ ಎರಡು ಮಾತನ್ನೂ ಕಟ್ಟಿಕೊಡಿ: ‘ಸಾರ್, ಲೈಸೆನ್ಸ್, ಮೆಡಿಕಲ್, ಪಾಸ್‌ಪೋರ್ಟ್ ಇಲ್ಲಿವೆ, ನೋಡಿ ವಾಪಸು ಕೊಡಿ. ಉಳಿದದ್ದಕ್ಕೆ ಮೌನದ ಹಕ್ಕು ಬಳಸುತ್ತಿದ್ದೇನೆ, ವಕೀಲರನ್ನು ಕೇಳಿ ಉತ್ತರಿಸುತ್ತೇನೆ.’ ಅಂಜದೆ, ಒರಟಾಗಿಯೂ ಅಲ್ಲದೆ, ನಗುಮುಖದಿಂದ ಹೇಳುವುದನ್ನು ಹೊರಡುವ ಮುಂಚೆ ಮನೆಯಲ್ಲೇ ಒಂದೆರಡು ಸಲ ಅಭ್ಯಾಸ ಮಾಡಿಸಿ.