ಹಗ್ಗ ಹೊಸೆದವನು, ಹಗ್ಗ ಬಿಡಿಸಿದವನು

ಜೈಲಿನ ಮಗ್ಗದ ಮನೆಯಲ್ಲಿ ಕೈದಿಗಳಿಗೆ ನೇಯ್ಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಬರುತ್ತಿದ್ದವರೆಲ್ಲ ಕಠಿಣ ಶಿಕ್ಷೆಯವರು. ‘ಹಾರ್ಡ್ ಲೇಬರ್’ ಎಂಬ ಇಂಗ್ಲಿಷ್ ಮಾತು 1860ರ ದಂಡಸಂಹಿತೆಯಲ್ಲಿತ್ತು, 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಅಂದರೆ ನಾನು ಕಲಿಸಿದ ನೇಯ್ಗೆ ಕಾನೂನಿನ ಲೆಕ್ಕದಲ್ಲಿ ದಂಡನೆ. ಅದೇ ನೇಯ್ಗೆಯಿಂದ ಜೇಡರ ದಾಸಿಮಯ್ಯ ಶಿವನನ್ನು ಒಲಿಸಿಕೊಂಡ, ನಮ್ಮಪ್ಪ ನಮ್ಮನ್ನು ಸಾಕಿದರು. ಮೈಮುರಿದು ದುಡಿಯುವುದು ಎಲ್ಲಿ ಶಿಕ್ಷೆಯಾಗುತ್ತದೆ, ಎಲ್ಲಿ ಪೂಜೆಯಾಗುತ್ತದೆ?

ಇಂಗ್ಲೆಂಡಿನ ಹಳೆಯ ಜೈಲುಗಳನ್ನು ನೋಡಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಕೈದಿಗಳಿಗೆಂದೇ ತುಳಿಯುವ ಚಕ್ರ ರೂಪಿಸಿದ. ಕೆಲವೆಡೆ ಅದು ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಎಷ್ಟೋ ಕಡೆ ಬರೀ ತಿರುಗುತ್ತಿತ್ತು. ಒಂಟಿ ಕೋಣೆಯ ಹಿಡಿಕೆ ಪೆಟ್ಟಿಗೆ ಇನ್ನೂ ಕ್ರೂರ. ಒಳಗೆ ಮರಳು, ದಿನಕ್ಕೆ ಸಾವಿರಾರು ಸುತ್ತು. ಕಾವಲುಗಾರ ತಿರುಪು ಬಿಗಿದನೆಂದರೆ ಹಿಡಿಕೆ ಮತ್ತಷ್ಟು ಗಡುಸು. 1895ರಲ್ಲಿ 2 ವರ್ಷದ ಹಾರ್ಡ್ ಲೇಬರ್ ಶಿಕ್ಷೆಯಾದ ಲೇಖಕ ಆಸ್ಕರ್ ವೈಲ್ಡ್, ಟಾರು ಮೆತ್ತಿದ ಹಳೇ ಹಗ್ಗವನ್ನು ಬೆರಳಿಂದ ನಾರುನಾರಾಗಿ ಬಿಡಿಸಬೇಕಾಯಿತು.

ಶರಣ ನುಲಿಯ ಚಂದಯ್ಯನದೂ ಹಗ್ಗದ ಕೆಲಸವೇ. ಹುಲ್ಲು ಕೊಯ್ದು, ಹುರಿ ಹೊಸೆದು, ಮಾರಿ ಬಂದದ್ದರಲ್ಲಿ ಜಂಗಮರಿಗೆ ಉಣಬಡಿಸುತ್ತಿದ್ದ. ಲಿಂಗ ಜಾರಿ ಕೆರೆಗೆ ಬಿದ್ದರೂ ಹೊರೆ ಹೊತ್ತು ನಡೆದನಂತೆ, ಲಿಂಗವೇ ಅವನ ಬೆನ್ನು ಹತ್ತಿ ಬಂತಂತೆ. ವೈಲ್ಡ್, ಚಂದಯ್ಯ ಇಬ್ಬರ ಅಂಗೈಯಲ್ಲೂ ಬೊಬ್ಬೆ ಎದ್ದಿರಬೇಕು. ಆದರೆ ಚಂದಯ್ಯನ ಹಗ್ಗಕ್ಕೆ ಆಚೆ ತುದಿಯಲ್ಲಿ ಉಣ್ಣುವವರೊಬ್ಬರು ಇದ್ದರು. ವೈಲ್ಡ್ ಬಿಡಿಸಿದಂಥ ನಾರು ಹಡಗಿನ ಸಂದು ತುಂಬಲು ಹೋಗುತ್ತಿತ್ತು, ನಿಜ. ಬಿಡಿಸಿದವನು ಮಾತ್ರ ಅದರಿಂದ ಯಾರಿಗೂ ಒಂದು ತುತ್ತು ಕೊಡುವಂತಿರಲಿಲ್ಲ. ಕೊಡುವ ದಾರಿಯನ್ನು ಕಿತ್ತುಕೊಂಡ ದುಡಿಮೆಯೇ ಶಿಕ್ಷೆ ಎಂದು ನಾನು ನಂಬಿದ್ದೇನೆ. ಶರಣರು ಕಾಯಕದ ಮಗ್ಗುಲಿಗೇ ದಾಸೋಹವನ್ನು ಇಟ್ಟರು. ಕಾಯಕದ ಮಾತು ಗೋಡೆಗೆ ಬರೆಸಿ ಕೂಲಿ ಹಿಡಿದಿಟ್ಟುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊಲೆ ಕೇಸಿನಲ್ಲಿ ಬಂದಿದ್ದ ಒಬ್ಬ ಜಮಖಾನ ನೇಯುತ್ತಿದ್ದ. ಮೊದಮೊದಲು ಹಾಸಿನ ಎಳೆ ಕಡಿದರೂ ನೋಡದವನಂತೆ ಲಾಳಿ ಓಡಿಸುವನು, ನೇಯ್ದಷ್ಟುದ್ದವೂ ಸೀಳು. ಕೂಲಿಯನ್ನು ಮಗಳ ಓದಿಗೆ ಕಳಿಸತೊಡಗಿದ ಮೇಲೆ ಮಗ್ಗ ನಿಲ್ಲಿಸಿ, ಕಡಿದ ಎಳೆ ಹುಡುಕಿ, ಹಣಿಗೆಯ ಸಂದಿಗೆ ಪೋಣಿಸಿ, ಗಂಟು ಹಾಕಿಯೇ ಮುಂದೆ ಹೋಗುತ್ತಿದ್ದ. ಬೆವರು ಮೊದಲಿನಷ್ಟೇ, ಶಿಕ್ಷೆಯ ಅವಧಿಯೂ ಅಷ್ಟೇ.

ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಸಿಗಬೇಕು ಎಂದ ಸುಪ್ರೀಂ ಕೋರ್ಟು, 1998ರ ಅದೇ ತೀರ್ಪಿನಲ್ಲಿ, ಒಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಲೆಂದೂ ಸೂಚಿಸಿತು. ಜೈಲಿನೊಳಗೆ ದಾಸೋಹ ಎಂಬುದೊಂದಿದ್ದರೆ ಅದು ಈ ಪಾಲೇ. ಇದನ್ನು ಹೇಳಿದಾಗ ಆ ಜಮಖಾನದವನು ಕೇಳಿದ: “ಆ ಮನೆಯೋರು ನನ್ನ ದುಡ್ಡು ಮುಟ್ತಾರಾ ಮೇಷ್ಟ್ರೇ?” ಬೇಡವೆನ್ನುವ ಹಕ್ಕು ಅವರಿಗಿದೆ, ಆದರೂ ಆ ಪಾಲು ತೆಗೆದಿಡಬೇಕು ಎಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.