ಕಾಯಿಸುವವನ ಧರ್ಮ

ಊರಿಗೆ ಹೋಗುವ ರೈಲಿನ ಟಿಕೆಟು ತೆಗೆಯಲೆಂದು ಕಂಪ್ಯೂಟರಿನ ಮುಂದೆ ಕುಳಿತವರಿಗೆಲ್ಲ ಆ ಚಕ್ರದ ಪರಿಚಯವುಂಟು. ಹೆಸರು, ವಯಸ್ಸು, ಬರ್ತು ಎಲ್ಲವನ್ನೂ ತುಂಬಿಸಿ, ಹಣ ಕೊಡುವ ಗುಂಡಿಯನ್ನು ಒತ್ತಿದ ಮೇಲೆ ಪರದೆಯ ನಡುವೆ ಪುಟ್ಟದೊಂದು ಚಕ್ರ ಗಿರಗಿರನೆ ತಿರುಗತೊಡಗುತ್ತದೆ. ಅದರ ಕೆಳಗೆ 'ದಯವಿಟ್ಟು ಕಾಯಿರಿ, ಹಿಂದಿನ ಪುಟಕ್ಕೆ ಹೋಗಬೇಡಿ' ಎಂಬ ಒಕ್ಕಣೆ. ಹಣ ಹೋಯಿತೇ? ಟಿಕೆಟು ಆಯಿತೇ? ಇನ್ನೊಮ್ಮೆ ಒತ್ತಿದರೆ ಎರಡು ಸಲ ಹಣ ಹೋದೀತೇ? ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಆ ಚಕ್ರವನ್ನೇ ನೋಡುತ್ತಿರುತ್ತೇವೆ. ಬಪ್ಪನಾಡಿನ ಜಾತ್ರೆಯಲ್ಲಿ ತೇರಿನ ಚಕ್ರವನ್ನೂ ನಾವು ಅಷ್ಟು ಏಕಾಗ್ರತೆಯಿಂದ ನೋಡಿರಲಾರೆವು.

ಇಷ್ಟು ಸಣ್ಣ ವಿಷಯದಲ್ಲಿ ಧರ್ಮಜಿಜ್ಞಾಸೆಗೆ ಏನಿದೆ ಎಂದು ಓದುಗರು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಈಚೆಗೆ ಒಂದು ಭಾನುವಾರ ನಮ್ಮ ಹಳೆಯ ಮಿತ್ರರೊಬ್ಬರ ಮಗ ಮನೆಗೆ ಬಂದಿದ್ದ. ನವಿ ಮುಂಬಯಿಯ ಒಂದು ಕಂಪನಿಯಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಕೆಲಸ ಅವನದು. ಕಾಫಿಯ ಲೋಟ ತಣ್ಣಗಾಗುತ್ತಿದ್ದರೂ ಕುಡಿಯದೆ ಕುಳಿತಿದ್ದ. 'ಏನು ಸಮಾಚಾರ?' ಎಂದು ಕೇಳಿದೆವು. 'ಮಾಮ, ನನಗೆ ಒಂದು ಸುಳ್ಳು ಬರೆಯಲು ಹೇಳಿದ್ದಾರೆ. ಸಣ್ಣ ಸುಳ್ಳು. ಯಾರಿಗೂ ನಷ್ಟವಿಲ್ಲ. ಆದರೆ ಕೈ ಬರುತ್ತಿಲ್ಲ' ಎಂದ.

ಅವನು ವಿವರಿಸಿದ್ದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇವೆ. ಅವನು ಮಾಡುತ್ತಿದ್ದುದು ದೊಡ್ಡ ಕಾರ್ಖಾನೆಗಳ ನೌಕರರ ನಿವೃತ್ತಿ ವೇತನದ ಲೆಕ್ಕ. ಕಚೇರಿಯ ಗುಮಾಸ್ತರು ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಹನ್ನೆರಡು ಸಾವಿರ ಜನರ ಸೇವಾವಧಿ, ಸಂಬಳ, ಬಡ್ಡಿ ಎಲ್ಲವನ್ನೂ ಒಬ್ಬೊಬ್ಬರದಾಗಿ ಲೆಕ್ಕ ಹಾಕಬೇಕು. ಎಂಟು ನಿಮಿಷ ಬೇಕು. ಆದರೆ ಬ್ರೌಸರಿಗೂ ಸರ್ವರಿಗೂ ನಡುವಣ ಮಾತುಕತೆ ಅಷ್ಟು ಹೊತ್ತು ತಡೆಯುವಂಥದಲ್ಲ. ಎನ್‌ಜಿನೆಕ್ಸ್ ಎಂಬ, ಲೋಕದಲ್ಲೆಲ್ಲ ಬಳಕೆಯಲ್ಲಿರುವ ತಂತ್ರಾಂಶವಿದೆ. ಬಾಗಿಲಲ್ಲಿ ನಿಂತು ಹೊರಗಿನವರ ಕೋರಿಕೆಗಳನ್ನು ಒಳಕ್ಕೆ ಮುಟ್ಟಿಸುವುದು ಅದರ ಕೆಲಸ. ಬೇರೆ ಅಪ್ಪಣೆ ಇಲ್ಲದಿದ್ದರೆ ಅದು ಒಳಗಿನ ಉತ್ತರಕ್ಕಾಗಿ ಕಾಯುವುದು 60 ಸೆಕೆಂಡು. ಅಷ್ಟರಲ್ಲಿ ಒಳಗಿನಿಂದ ಸದ್ದೇ ಬಾರದಿದ್ದರೆ 504 ಎಂಬ ಅಂಕಿಯನ್ನು ಹೊರಗಿನವರ ಮುಖಕ್ಕೆ ಹಿಡಿದು ಬಾಗಿಲು ಹಾಕುತ್ತದೆ. ಒಳಗೆ ಲೆಕ್ಕ ನಡೆಯುತ್ತಲೇ ಇರಬಹುದು, ಹೊರಗಿನವನಿಗೆ ಮಾತ್ರ ಎಲ್ಲ ಮುಗಿದಂತೆ. ಅವನು ಗಾಬರಿಯಿಂದ ಮತ್ತೊಮ್ಮೆ ಗುಂಡಿ ಒತ್ತುತ್ತಾನೆ. ಒಂದು ಲೆಕ್ಕದ ಬೆನ್ನಿಗೆ ಇನ್ನೊಂದು ಲೆಕ್ಕ ಶುರು.

ಇದಕ್ಕೆ ಉಪಾಯ ನಮ್ಮ ತಲೆಮಾರಿನವರಿಗೆ ಹೊಸದೇನಲ್ಲ. ಹಿಂದೆ ಬ್ಯಾಂಕಿಗೆ ಹೋಗಿ ಚೆಕ್ಕು ಕೊಟ್ಟರೆ ಗುಮಾಸ್ತ ಒಂದು ಹಿತ್ತಾಳೆಯ ಟೋಕನು ಕೊಡುತ್ತಿದ್ದ. ಚೆಕ್ಕು ಒಳಗಿನ ಮೇಜುಗಳನ್ನು ಸುತ್ತಿ ಬರುತ್ತಿತ್ತು. ನಾವು ಬೆಂಚಿನ ಮೇಲೆ ಕುಳಿತಿರುತ್ತಿದ್ದೆವು. ನಂಬರು ಕೂಗಿದಾಗ ಎದ್ದರೆ ಸಾಕು. ಇವರೂ ಅದನ್ನೇ ಮಾಡುತ್ತಾರೆ. ಕೋರಿಕೆ ಬಂದ ಕೂಡಲೆ ಅದಕ್ಕೊಂದು ನಂಬರು ಕೊಟ್ಟು, ಲೆಕ್ಕವನ್ನು ಹಿಂದಿನ ಕೋಣೆಗೆ ದಾಟಿಸಿ, ಮುಂದೆ ಒಂದು 'ಕಾಯುವ ಪುಟ'ವನ್ನು ತೋರಿಸುತ್ತಾರೆ. ಆ ಪುಟ ಎರಡು ಮೂರು ಸೆಕೆಂಡಿಗೊಮ್ಮೆ ತಾನಾಗಿಯೇ 'ಆಯಿತೇ?' ಎಂದು ಸರ್ವರನ್ನು ಕೇಳುತ್ತಿರುತ್ತದೆ. ಈ ವ್ಯವಹಾರಕ್ಕೆಂದೇ 202 ಎಂಬ ಬೇರೊಂದು ಅಂಕಿಯಿದೆ. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಅದು ಸೇರಿತ್ತು. ಅದರ ತಾತ್ಪರ್ಯವಿಷ್ಟು: ನಿಮ್ಮ ಕೋರಿಕೆಯನ್ನು ಸ್ವೀಕರಿಸಿದ್ದೇವೆ, ಕೆಲಸ ಇನ್ನೂ ಆಗಿಲ್ಲ, ಆದೀತೆಂಬ ಭರವಸೆಯನ್ನೂ ಕೊಡಲಾರೆವು. ಈ ಅಂಕಿಯ ಪ್ರಾಮಾಣಿಕತೆಗೆ ನಾವು ಬೆರಗಾದೆವು. ಸ್ವೀಕರಿಸಿದ್ದಕ್ಕೂ ನೆರವೇರಿಸಿದ್ದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಳ್ಳುವ ಕಚೇರಿಯನ್ನು ನಾವು ಈವರೆಗೆ ಕಂಡಿಲ್ಲ.

ತೊಡಕು ಇರುವುದು ಆ ಕಾಯುವ ಪುಟದಲ್ಲಿ ಏನು ತೋರಿಸಬೇಕೆಂಬುದರಲ್ಲಿ. ತರುಣನ ಮೇಲಧಿಕಾರಿ ಹೇಳಿದರಂತೆ: 'ಒಂದು ಪಟ್ಟಿ ತೋರಿಸು. ಎಡದಿಂದ ಬಲಕ್ಕೆ ಹಸಿರು ತುಂಬುತ್ತ ಹೋಗಲಿ. ಒಳಗೆ ಏನು ನಡೆಯುತ್ತಿದೆಯೆಂದು ನೋಡುವ ಅಗತ್ಯವಿಲ್ಲ. ಗಡಿಯಾರಕ್ಕೆ ತಕ್ಕಂತೆ ಏಳು ನಿಮಿಷದಲ್ಲಿ ನೂರಕ್ಕೆ ತೊಂಬತ್ತಕ್ಕೆ ಬರಲಿ, ಉತ್ತರ ಬರುವವರೆಗೆ ಅಲ್ಲೇ ನಿಂತಿರಲಿ. ಜನ ಸಮಾಧಾನದಿಂದಿರುತ್ತಾರೆ, ಫೋನು ಮಾಡುವುದಿಲ್ಲ.' ಇದೇ ಆ ಸುಳ್ಳು.

ಮೇಲಧಿಕಾರಿಯನ್ನು ಹಳಿಯುವುದು ಸುಲಭ. ಆದರೆ ಅವರ ಪಕ್ಷಕ್ಕೂ ಬಲವಿದೆ. ಮನುಷ್ಯನ ತಾಳ್ಮೆಯನ್ನು ಕುರಿತು ಈ ಕ್ಷೇತ್ರದವರು ಬಹಳ ಹಿಂದಿನಿಂದಲೇ ಯೋಚಿಸಿದ್ದಾರೆ. 1968ರಲ್ಲೇ ರಾಬರ್ಟ್ ಮಿಲ್ಲರ್ ಎಂಬವರು, ಯಂತ್ರದ ಉತ್ತರ ಹತ್ತು ಸೆಕೆಂಡಿಗಿಂತ ತಡವಾದರೆ ಮನಸ್ಸು ಬೇರೆಡೆಗೆ ಹರಿದುಹೋಗುತ್ತದೆಂದು ಬರೆದಿದ್ದರು. ಎಷ್ಟು ಭಾಗ ಮುಗಿದಿದೆಯೆಂದು ತೋರಿಸುವ ಪಟ್ಟಿ ಜನರಿಗೆ ಇಷ್ಟವಾಗುತ್ತದೆ ಎಂಬುದನ್ನು 1985ರಲ್ಲಿ ಬ್ರಾಡ್ ಮೈಯರ್ಸ್ ಪ್ರಯೋಗ ಮಾಡಿ ತೋರಿಸಿದರು. ಕೊನೆಯಲ್ಲಿ ವೇಗ ಹೆಚ್ಚಿಸಿಕೊಂಡು ಓಡುವ ಪಟ್ಟಿ, ಅಷ್ಟೇ ಹೊತ್ತು ತೆಗೆದುಕೊಂಡರೂ, ಬೇಗ ಮುಗಿದಂತೆ ತೋರುತ್ತದೆ ಎಂದು 2007ರಲ್ಲಿ ಬೇರೆ ಕೆಲವರು ಕಂಡುಕೊಂಡರು. 2011ರಲ್ಲಿ ರಯನ್ ಬ್ಯುಯೆಲ್ ಮತ್ತು ಮೈಕೆಲ್ ನಾರ್ಟನ್ ಎಂಬ ಹಾರ್ವರ್ಡ್ ವಿದ್ವಾಂಸರು ಪ್ರಕಟಿಸಿದ್ದು ಇನ್ನೂ ವಿಚಿತ್ರ. ವಿಮಾನದ ಟಿಕೆಟು ಹುಡುಕುವ ಪುಟ, ಈಗ ಈ ಕಂಪನಿಯಲ್ಲಿ ನೋಡುತ್ತಿದ್ದೇನೆ, ಈಗ ಆ ಕಂಪನಿಯಲ್ಲಿ ಎಂದು ತನ್ನ ದುಡಿಮೆಯನ್ನು ತೋರಿಸುತ್ತಿದ್ದರೆ, ಒಡನೆಯೇ ಉತ್ತರ ಕೊಡುವ ಪುಟಕ್ಕಿಂತಲೂ ಜನ ಅದನ್ನು ಹೆಚ್ಚು ಮೆಚ್ಚುವುದುಂಟಂತೆ. 2013ರ ಹೊತ್ತಿಗೆ ಇಂಥ ಉಪಾಯಗಳಿಗೆ 'ಹಿತಕಾರಿ ವಂಚನೆ' ಎಂಬರ್ಥದ ಹೆಸರನ್ನಿಟ್ಟು ಒಂದು ಪ್ರಬಂಧವೇ ಬಂದಿತು.

ಹಿತಕಾರಿ ವಂಚನೆ! ನಮ್ಮ ಹಿರಿಯರಿಗೂ ಈ ಪ್ರಶ್ನೆ ಗೊತ್ತಿಲ್ಲದುದಲ್ಲ. ಅಶ್ವತ್ಥಾಮನ ಸುದ್ದಿಯನ್ನು ಧರ್ಮರಾಯ ದ್ರೋಣರಿಗೆ ಹೇಳಿದ ಬಗೆಯನ್ನು ನೆನೆಯಿರಿ. ಮಾತು ಸುಳ್ಳಲ್ಲ, ಕೇಳಿದವನ ಮನಸ್ಸಿಗೆ ಮುಟ್ಟಿದ್ದು ಸುಳ್ಳು. ಆದರೆ ಅಲ್ಲಿ ಉದ್ದೇಶ ಯುದ್ಧ ಗೆಲ್ಲುವುದು; ಇಲ್ಲಿ ಉದ್ದೇಶ ಎದುರಿಗಿರುವವನ ನೆಮ್ಮದಿ. ನೆಮ್ಮದಿಗಾಗಿ ಹೇಳಿದ ಸುಳ್ಳಿನಲ್ಲಿ ತಪ್ಪೇನು? ತರುಣನ ಪ್ರಶ್ನೆ ಇಷ್ಟೇ. ಅವನಿಗೆ ಉತ್ತರವಾಗಿ ನಾವು ನಮ್ಮ ಮನೆಯ ಒಂದು ಕಥೆಯನ್ನು ಹೇಳಿದೆವು. ಈವರೆಗೆ ಹೆಚ್ಚು ಜನರಿಗೆ ಹೇಳಿದ್ದಲ್ಲ.

1983ರ ಮಳೆಗಾಲದಲ್ಲಿ ಊರಿನಲ್ಲಿ ನಮ್ಮ ತಂದೆಯವರು ಹಾಸಿಗೆ ಹಿಡಿದರು. ನಾವು ಮುಂಬಯಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ರಜೆ ಸಿಗುವುದು ಕಷ್ಟ. ಊರಿನಿಂದ ಅಣ್ಣ ವಾರಕ್ಕೊಂದು ಕಾಗದ ಬರೆಯುತ್ತಿದ್ದ. 'ಗುಣವಾಗುತ್ತ ಬಂದಿದೆ, ಗಾಬರಿ ಬೇಡ, ಕೆಲಸ ಬಿಟ್ಟು ಬರಬೇಡ.' ಮೂರು ಕಾಗದ ಬಂದವು. ಮೂರರಲ್ಲೂ ಅದೇ ವಾಕ್ಯ. ನಾವು ಅದನ್ನು ನಂಬಿದೆವು. ನಂಬಬೇಕೆಂಬ ಆಸೆಯೂ ಇತ್ತು. ನಾಲ್ಕನೆಯದಾಗಿ ಬಂದದ್ದು ತಂತಿ. ಆಗ ಕೊಂಕಣ ರೈಲು ಎಲ್ಲಿ? ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಬಸ್ಸು ಹಿಡಿದು ಒಂದು ಹಗಲು ಒಂದು ರಾತ್ರಿ ಕಳೆದು ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎಲ್ಲ ಮುಗಿದಿತ್ತು. ಮೊದಲನೆಯ ಕಾಗದ ಬರೆಯುವಾಗಲೇ ಡಾಕ್ಟರು ಆಸೆ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಅಣ್ಣನ ಮೇಲೆ ನಮಗೆ ಸಿಟ್ಟಿಲ್ಲ. ತಮ್ಮನ ಕೆಲಸ ಹೋಗಬಾರದು, ಅಷ್ಟು ದೂರದಲ್ಲಿ ಒಬ್ಬನೇ ಕೊರಗಬಾರದು ಎಂಬ ಪ್ರೀತಿಯಿಂದಲೇ ಅವನು ಹಾಗೆ ಬರೆದದ್ದು. ಆದರೆ ಆ ಮೂರು ವಾರಗಳಲ್ಲಿ ಹೋಗುವುದೋ ಇರುವುದೋ ಎಂದು ನಿರ್ಧರಿಸುವ ಅಧಿಕಾರ ನಮ್ಮದಾಗಿತ್ತು. ಅದನ್ನು ಅವನು ತನಗೆ ತಿಳಿಯದೆಯೇ ನಮ್ಮ ಕೈಯಿಂದ ಕಿತ್ತುಕೊಂಡಿದ್ದ.

ಕಾಯುವವನು ಸುಮ್ಮನೆ ಕುಳಿತಿರುವವನೆಂದು ಕಾಯಿಸುವವರು ತಿಳಿಯುತ್ತಾರೆ. ಅದು ತಪ್ಪು. ಅವನು ಕ್ಷಣಕ್ಷಣವೂ ತೀರ್ಮಾನ ಮಾಡುತ್ತಿರುತ್ತಾನೆ. ಇನ್ನಷ್ಟು ಹೊತ್ತು ಕೂರಲೇ, ಎದ್ದುಹೋಗಲೇ, ಬೇರೆ ದಾರಿ ಹುಡುಕಲೇ, ಯಾರನ್ನಾದರೂ ಕೇಳಲೇ? ಈ ತೀರ್ಮಾನಕ್ಕೆ ಬೇಕಾದ ಸತ್ಯ ಕಾಯಿಸುವವನ ಬಳಿ ಮಾತ್ರ ಇದೆ. ಅದನ್ನು ಬಚ್ಚಿಟ್ಟು ಸಮಾಧಾನವನ್ನು ಮಾತ್ರ ಕೊಟ್ಟರೆ, ಅವನ ಹೊತ್ತಿನ ಜೊತೆಗೆ ಅವನ ವಿವೇಕವನ್ನೂ ಕಸಿದುಕೊಂಡಂತೆ. ಸುಳ್ಳುಪಟ್ಟಿಯಿಂದ ಯಾರಿಗೂ ನಷ್ಟವಿಲ್ಲವೆಂಬುದು ಎಲ್ಲ ಸರಿಯಾಗಿ ನಡೆದ ದಿನಕ್ಕೆ ಮಾತ್ರ ಸಲ್ಲುವ ಮಾತು.

ಸರಿಯಾಗಿ ನಡೆಯದ ದಿನ? ಪರದೆಯ ಮೇಲೆ ತಿರುಗುವ ಚಕ್ರ ಬರಿಯ ಚಿತ್ರ ಎಂಬುದು ನಮಗೆ ಆ ದಿನವೇ ಗೊತ್ತಾದದ್ದು. ಒಳಗಿನ ಲೆಕ್ಕಕ್ಕೂ ಅದಕ್ಕೂ ನಂಟಿರಲೇಬೇಕೆಂದಿಲ್ಲ. ಒಳಗೆ ಲೆಕ್ಕ ನಡುವೆಯೇ ಕೆಟ್ಟು ನಿಂತಿದ್ದರೂ, ಸರ್ವರು ಸತ್ತೇ ಹೋಗಿದ್ದರೂ, ಚಕ್ರ ಅದೇ ಉತ್ಸಾಹದಿಂದ ತಿರುಗುತ್ತಲೇ ಇರಬಲ್ಲದು. ಇದನ್ನು ಕೇಳಿದಾಗ ನಮಗೆ ನೆನಪಾದದ್ದು ಅಣ್ಣನ ಕಾಗದದ ಮೊದಲ ಸಾಲು. ಹಳೆಯ ಪದ್ಧತಿಯಂತೆ 'ಉಭಯಕುಶಲೋಪರಿ ಸಾಂಪ್ರತ' ಎಂದು ಬರೆದಿದ್ದ. ಮನೆಯಲ್ಲಿ ಏನೇ ನಡೆಯುತ್ತಿರಲಿ, ಕಾಗದ ಮಾತ್ರ ಕುಶಲದಿಂದಲೇ ಆರಂಭವಾಗುತ್ತಿತ್ತು.

ಹಾಗಾದರೆ ಕಾಯುವವನಿಗೆ ಸಮಾಧಾನವನ್ನೇ ಹೇಳಬಾರದೇ? ಹೇಳಬೇಕು. ನಮ್ಮವರ ಉಡುಪಿ ಹೋಟೆಲುಗಳು ಈ ನಗರಕ್ಕೆ ಕಲಿಸಿದ ಪಾಠ ಇಲ್ಲಿ ಸಲ್ಲುತ್ತದೆ. ಗಿರಾಕಿ ಕುಳಿತ ಕೂಡಲೆ ಮಾಣಿ ಒಂದು ಲೋಟ ನೀರು ತಂದಿಡುತ್ತಾನೆ. ನೀರಿನಿಂದ ಹೊಟ್ಟೆ ತುಂಬದು. 'ನೀವು ಬಂದದ್ದನ್ನು ನೋಡಿದ್ದೇವೆ' ಎಂದಷ್ಟೇ ಅದು ಹೇಳುತ್ತದೆ. ಅದು ಆದರ, ಅದರಲ್ಲಿ ಸುಳ್ಳಿಲ್ಲ. ಆದರೆ ದೋಸೆ ಇನ್ನೂ ಕಾವಲಿಗೆ ಬೀಳುವ ಮೊದಲೇ 'ಬಂತು ಸಾರ್, ಎರಡೇ ನಿಮಿಷ' ಎಂದರೆ ಅದು ಬೇರೆ. ಅದು ಸಾಕ್ಷಿ ಹೇಳಿದಂತೆ, ಸುಳ್ಳು ಸಾಕ್ಷಿ. ಚಂದದ ಚಿತ್ರ, ವಿನಯದ ಒಕ್ಕಣೆ, ಇವೆಲ್ಲ ನೀರಿನ ಲೋಟದ ಜಾತಿಗೆ ಸೇರಿದವು. 'ನೂರಕ್ಕೆ ತೊಂಬತ್ತು' ಎಂಬ ಅಂಕಿ ಮಾತ್ರ ಸಾಕ್ಷಿ. ಅಂಕಿ ಹೇಳಿದ ಮೇಲೆ ಅದು ನಿಜವಾಗಿರಲೇಬೇಕು.

ನಿಜ ಹೇಳುವುದು ಅಷ್ಟೇನೂ ಕಷ್ಟವಲ್ಲವೆಂದು ತರುಣನೇ ಒಪ್ಪಿದ. ನೂರು ಜನರ ಲೆಕ್ಕ ಮುಗಿದಾಗಲೆಲ್ಲ ಹಿಂದಿನ ಕೋಣೆಯ ಪ್ರೋಗ್ರಾಮು ಒಂದು ಕಡೆ ಗುರುತು ಹಾಕಿಟ್ಟರೆ ಸಾಕು. ಕಾಯುವ ಪುಟ ಅದನ್ನು ಓದಿ 'ಹನ್ನೆರಡು ಸಾವಿರದಲ್ಲಿ ನಾಲ್ಕು ಸಾವಿರದ ಮುನ್ನೂರು ಮುಗಿದಿದೆ' ಎನ್ನಬಹುದು. ಒಟ್ಟು ಎಷ್ಟೆಂದು ಮೊದಲೇ ತಿಳಿಯದ ಕೆಲಸವಾದರೆ ಅಂಕಿ ಹೇಳದೆ, ಈಗ ಯಾವ ಹಂತದಲ್ಲಿದೆಯೆಂದು ಹೇಳಬಹುದು. ಕಾಯಲು ಪುರುಸೊತ್ತಿಲ್ಲದವನಿಗೆ 'ಈ ನಂಬರು ಇಟ್ಟುಕೊಂಡು ಹೋಗಿಬನ್ನಿ, ಮುಗಿದಾಗ ತಿಳಿಸುತ್ತೇವೆ' ಎನ್ನಬಹುದು. ಎರಡನೆಯ ಸಲ ಗುಂಡಿ ಒತ್ತಿದರೆ ಹೊಸ ಲೆಕ್ಕ ಹೂಡದೆ ಹಳೆಯದರ ಸ್ಥಿತಿಯನ್ನೇ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟುಹೋದಾಗ 'ಕೆಟ್ಟಿದೆ' ಎಂದು ಒಪ್ಪಿಕೊಳ್ಳಬಹುದು. ರೈಲ್ವೆಯ ವೇಯ್ಟಿಂಗ್ ಲಿಸ್ಟನ್ನು ನಾವೆಲ್ಲ ಬೈಯುತ್ತೇವೆ. ಆದರೆ ನಲವತ್ತಮೂರನೆಯ ನಂಬರು ಎಂದು ಅದು ನೇರವಾಗಿ ಹೇಳುವುದರಿಂದಲೇ ನಾವು ಬಸ್ಸಿನ ವ್ಯವಸ್ಥೆ ಮಾಡಿಕೊಳ್ಳುವುದಲ್ಲವೇ?

ಎರಡು ತಿಂಗಳ ಮೇಲೆ ಅವನು ಮತ್ತೆ ಬಂದ. ಮೇಲಧಿಕಾರಿಯನ್ನು ಒಪ್ಪಿಸಿ ನಿಜವಾದ ಎಣಿಕೆಯನ್ನೇ ತೋರಿಸಿದ್ದನಂತೆ. ಒಂದು ದಿನ ಅದು ಏಳು ಸಾವಿರದ ಇನ್ನೂರಕ್ಕೆ ಬಂದು ಅಲುಗಾಡದೆ ನಿಂತಿತು. ಗುಮಾಸ್ತರು ಫೋನು ಮಾಡಿದರು. ಮೇಲಧಿಕಾರಿ ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು. ನೋಡಿದರೆ ಮುಂದಿನ ನೂರು ಜನರಲ್ಲಿ ಒಬ್ಬ ನೌಕರನ ಹುಟ್ಟಿದ ತಾರೀಖು ತಪ್ಪಾಗಿ ದಾಖಲಾಗಿತ್ತು; ಲೆಕ್ಕ ಅಲ್ಲಿ ಸಿಕ್ಕಿಕೊಂಡಿತ್ತು. ಗಡಿಯಾರದ ಪಟ್ಟಿಯಾಗಿದ್ದರೆ ಆ ಹೊತ್ತಿಗೆ ತೊಂಬತ್ತನ್ನು ತೋರಿಸುತ್ತ ನಿಂತಿರುತ್ತಿತ್ತು, ಗುಮಾಸ್ತರು ಸಂಜೆಯವರೆಗೂ ಅದನ್ನು ನಂಬಿ ಕುಳಿತಿರುತ್ತಿದ್ದರು. ಇದನ್ನು ಹೇಳುವಾಗ ಅವನು ಕಾಫಿಯನ್ನು ಬಿಸಿಯಿದ್ದಾಗಲೇ ಕುಡಿದ.

ಅವನು ಹೋದ ಮೇಲೆ ನಮ್ಮ ಮನಸ್ಸು ನಮ್ಮ ಕಡೆಗೇ ತಿರುಗಿತು. ಹೊರನಾಡಿನಲ್ಲಿ ನೆಲಸಿದ ನಾವೆಲ್ಲ ಊರಿನಲ್ಲಿ ಯಾರನ್ನಾದರೂ ಕಾಯಿಸುತ್ತಲೇ ಇದ್ದೇವೆ. ಪ್ರತಿವರ್ಷವೂ ತಾಯಿಗೆ ಫೋನಿನಲ್ಲಿ 'ಈ ದೀಪಾವಳಿಗೆ ಖಂಡಿತ ಬರುತ್ತೇವೆ' ಎನ್ನುತ್ತೇವೆ. 'ಇನ್ನೆರಡು ವರ್ಷ, ಮಕ್ಕಳ ಓದು ಮುಗಿಯಲಿ, ಅಲ್ಲಿಗೇ ಬಂದುಬಿಡುತ್ತೇವೆ' ಎನ್ನುತ್ತೇವೆ. ಹಾಗೆನ್ನುವಾಗ ನಮ್ಮೊಳಗೆ ಆ ಕೆಲಸ ನಿಜವಾಗಿ ನಡೆಯುತ್ತಿದೆಯೇ, ಅಥವಾ ಎಂದೋ ನಿಂತುಹೋಗಿ ಹೊರಗಿನ ಚಕ್ರ ಮಾತ್ರ ತಿರುಗುತ್ತಿದೆಯೇ? ಬರಲಾಗುವುದಿಲ್ಲವೆಂದು ಹೇಳಿದರೆ ಆಕೆಗೆ ನೋವಾದೀತು. ಆದರೆ ಆ ನೋವಿನ ಮೇಲೆ ಆಕೆ ತನ್ನ ದಾರಿಯನ್ನು ಕಂಡುಕೊಳ್ಳಬಹುದು. ಮಾಡು ಸೋರುವ ಮನೆಯಲ್ಲಿ ಒಬ್ಬಳೇ ಇರುವುದೋ, ಮಗಳ ಮನೆಗೆ ಹೋಗುವುದೋ, ಗದ್ದೆಯನ್ನು ಗೇಣಿಗೆ ಕೊಡುವುದೋ ಎಂದು ನಿಶ್ಚಯಿಸಬಹುದು. ನಮ್ಮ ಸವಿಮಾತನ್ನು ನಂಬಿ ಹೊಸ್ತಿಲಲ್ಲಿ ಕುಳಿತಿರುವವರೆಗೆ ಅದೊಂದೂ ಸಾಧ್ಯವಿಲ್ಲ.

ಈ ಲೇಖನವನ್ನು ಬರೆದು ಮುಗಿಸಿದ ರಾತ್ರಿ ನಾವು ಊರಿಗೆ ಫೋನು ಮಾಡಿದೆವು. ಅಣ್ಣ ಈಗ ಇಲ್ಲ. ಎಪ್ಪತ್ತೆಂಟು ದಾಟಿದ ಅತ್ತಿಗೆ ಆ ಮನೆಯಲ್ಲಿದ್ದಾರೆ. 'ಅತ್ತಿಗೆ, ಈ ದೀಪಾವಳಿಗೂ ಬರಲಾಗುವುದಿಲ್ಲ. ಜನವರಿ ಎಂಟಕ್ಕೆ ಟಿಕೆಟು ಆಗಿದೆ' ಎಂದೆವು. ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. ಆಮೇಲೆ, 'ಆಯಿತು ಮಾರಾಯ. ಹಾಗಾದರೆ ಗೂಡುದೀಪ ಕಟ್ಟಲಿಕ್ಕೆ ಪಕ್ಕದ ಮನೆಯ ಹುಡುಗನಿಗೆ ಹೇಳುತ್ತೇನೆ' ಎಂದರು.