ಇನ್ನೊಬ್ಬರ ಆರಾಧನೆಗೆ ಕಾನೂನು ದಾರಿ ಬಿಡಬೇಕೇ?



ಇವತ್ತು ಸ್ವಲ್ಪ ಕಷ್ಟದ ಪ್ರಶ್ನೆ ತಗೊಂಡಿದ್ದೀನಿ. ಸರ್ಕಾರ ಒಂದು ಮಾದಕ ವಸ್ತುವನ್ನು ಎಲ್ಲರಿಗೂ ನಿಷೇಧಿಸಿದೆ. ಒಂದು ಸಣ್ಣ ಜನಾಂಗ, "ನಮ್ಮ ಆರಾಧನೆಗೆ ಅದೇ ಬೇಕು" ಅನ್ನುತ್ತದೆ. ಕಾನೂನು ಅವರಿಗೆ ದಾರಿ ಬಿಡಬೇಕೋ, ಬೇಡವೋ?

ಇದು ಅಮೆರಿಕದಲ್ಲಿ ನಿಜವಾಗಿ ನಡೆದ ವಿಷಯ. ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕರು ಪೆಯೋಟೆ ಎಂಬ ಪಾಪಾಸುಕಳ್ಳಿಯನ್ನು ರಾತ್ರಿಯಿಡೀ ನಡೆಯುವ ಪ್ರಾರ್ಥನೆಯಲ್ಲಿ ತಿನ್ನುತ್ತಾರೆ. ಅದು ಮನಸ್ಸಿನ ಮೇಲೆ ಪರಿಣಾಮ ಮಾಡುವಂಥದ್ದು. ಒರೆಗಾನ್ ರಾಜ್ಯದಲ್ಲಿ ಆಲ್ಫ್ರೆಡ್ ಸ್ಮಿತ್, ಗೇಲನ್ ಬ್ಲ್ಯಾಕ್ ಎಂಬ ಇಬ್ಬರು ವ್ಯಸನ ಬಿಡಿಸುವ ಕೇಂದ್ರದಲ್ಲಿ ಸಲಹೆಗಾರರಾಗಿದ್ದರು. ಸ್ಮಿತ್ ಸ್ವತಃ ಕುಡಿತದಿಂದ ಹೊರಬಂದಿದ್ದ ಮನುಷ್ಯ. ಪ್ರಾರ್ಥನೆಯಲ್ಲಿ ಪೆಯೋಟೆ ತಿಂದದ್ದಕ್ಕೆ ಇಬ್ಬರ ಕೆಲಸವೂ ಹೋಯಿತು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಕಾನೂನಿನಿಂದ ಧರ್ಮಕ್ಕೆ ವಿನಾಯಿತಿ ಕೊಡಲೇಬೇಕೆಂದು ಸಂವಿಧಾನ ಹೇಳುವುದಿಲ್ಲ, ಬೇಕಾದರೆ ಶಾಸನಸಭೆ ಕೊಡಲಿ ಅಂತ. ಇದರಿಂದ ಸಣ್ಣ ಧರ್ಮಗಳಿಗೆ ಹಿನ್ನಡೆಯಾಗಬಹುದು ಎಂದು ಒಪ್ಪಿಕೊಂಡೇ ಹಾಗೆ ಹೇಳಿತು.

ಕೇಳಿದರೆ ನ್ಯಾಯ ಅನ್ನಿಸುತ್ತೆ. "ಕಾನೂನು ಎಲ್ಲರಿಗೂ ಒಂದೇ ಅಲ್ವಾ ಪಾಸ್ಟರ್?" ಅಂತೀರಿ. ಆದರೆ ಇನ್ನೊಂದು ಸಂಗತಿ ಕೇಳಿರಿ. 1920ರಿಂದ 1933ರವರೆಗೆ ಅದೇ ದೇಶದಲ್ಲಿ ಮದ್ಯಪಾನ ನಿಷೇಧವಿತ್ತು. ಆಗ ಸಭೆಗಳ ಪವಿತ್ರ ಭೋಜನದ ದ್ರಾಕ್ಷಾರಸಕ್ಕೆ ಕಾನೂನೇ ವಿನಾಯಿತಿ ಕೊಟ್ಟಿತು. ಯಾಕೆ? ಕಾನೂನು ಬರೆದವರಿಗೆ ಆ ಮೇಜು ಗೊತ್ತಿತ್ತು. ಅವರ ಅಪ್ಪ ಅಮ್ಮ ಅಲ್ಲಿ ಮೊಣಕಾಲೂರಿದ್ದರು. ಪೆಯೋಟೆಯ ಬೆಂಕಿಯ ಸುತ್ತ ಅವರ ಕಡೆಯವರು ಯಾರೂ ಕೂತಿರಲಿಲ್ಲ. ದೊಡ್ಡವರ ಆರಾಧನೆ ಕಾನೂನು ಬರೆಯುವಾಗಲೇ ನೆನಪಾಗುತ್ತೆ, ಚಿಕ್ಕವರ ಆರಾಧನೆ ಕೋರ್ಟಿಗೆ ಹೋಗಿ ಬೇಡಬೇಕಾಗುತ್ತೆ. ಪ್ರಿಯರೇ, ನಮ್ಮ ದೇಶದಲ್ಲಿ ನಾವು ಚಿಕ್ಕವರು. ಇದು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?

"ಹಾಗಾದರೆ ಗಾಂಜಾ ಮಾರುವವನೂ ಇದು ನನ್ನ ಧರ್ಮ ಅಂತಾನೆ." ಹೌದು, ಅಂದವರಿದ್ದಾರೆ. 1968ರಲ್ಲಿ ಅಮೆರಿಕದ ಒಂದು ಕೋರ್ಟಿಗೆ ಬಂದ ಪಂಗಡ ತನ್ನ ಬೋಧಕರನ್ನು "ಬೂ ಹೂ" ಎಂದು ಕರೆಯುತ್ತಿತ್ತು! ನ್ಯಾಯಾಧೀಶರು ಅದನ್ನು ಧರ್ಮವೆಂದು ಒಪ್ಪಲಿಲ್ಲ. ವೇಷವನ್ನೂ ಭಕ್ತಿಯನ್ನೂ ಬೇರ್ಪಡಿಸುವುದು ಕಷ್ಟ, ಆದರೆ ಆಗದ ಕೆಲಸವಲ್ಲ. 1993ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ಆರಾಧನೆಗೆ ತಡೆ ಹಾಕುವ ಸರ್ಕಾರವೇ ಅದಕ್ಕೆ ಬಲವಾದ ಕಾರಣ ತೋರಿಸಬೇಕು, ಬೇರೆ ಹಗುರವಾದ ದಾರಿ ಇಲ್ಲವೆಂದೂ ತೋರಿಸಬೇಕು ಎಂದಿತು. 1994ರಲ್ಲಿ ಮೂಲನಿವಾಸಿಗಳ ಪೆಯೋಟೆ ಆರಾಧನೆಗೆ ಪ್ರತ್ಯೇಕ ರಕ್ಷಣೆಯೂ ಬಂತು. ಇದು ಸರಿಯಾದ ತಕ್ಕಡಿ ಅಂತ ನಾನು ನಂಬುತ್ತೇನೆ. ಮಕ್ಕಳಿಗೆ ಕೊಡುತ್ತಾರೋ, ಬೀದಿಗೆ ಮಾರುತ್ತಾರೋ, ಯಾರ ಜೀವಕ್ಕಾದರೂ ಕುತ್ತು ಬರುತ್ತದೋ, ಅಲ್ಲಿ ಸರ್ಕಾರ ತಡೆಯಲೇಬೇಕು. ಬರೀ ವಿಚಿತ್ರವಾಗಿ ಕಾಣುತ್ತೆ ಅನ್ನೋದು ಕಾರಣವಲ್ಲ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ನಾವೂ ಪಕ್ಕದ ಮನೆಯವರಿಗೆ ವಿಚಿತ್ರವೇ!

ಈಗ ತಾಯಂದಿರಿಗೆ ಒಂದು ಮಾತು. ಮಗ ನಶೆಗೆ ಬಿದ್ದು ರಾತ್ರಿಯೆಲ್ಲಾ ಬಾಗಿಲು ಕಾಯುವ ಅಮ್ಮಂದಿರು ಇಲ್ಲಿ ಕೂತಿದ್ದೀರಿ. "ಪಾಸ್ಟರ್ ನಶೆಯ ಪರ ಮಾತಾಡ್ತಿದ್ದಾರೆ" ಅಂತ ನೋಯಬೇಡಿರಮ್ಮಾ. ಕಾನೂನು ಬಿಡುವುದು ಬೇರೆ, ಕರ್ತನು ಮೆಚ್ಚುವುದು ಬೇರೆ. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಗಾಂಜಾ ಎಂದರೆ ಗಿಡದ ಹೂ ತುದಿ, ಬರೀ ಎಲೆ ಆ ಪದದೊಳಗೆ ಬರುವುದಿಲ್ಲ. ಹಾಗಂತ ಭಂಗಿ ನಮಗೆ ಆಶೀರ್ವಾದವಾಯಿತೇ? ಇಲ್ಲ. ಪಂಚಾಶತ್ತಮ ದಿನದಲ್ಲಿ ಜನ ಶಿಷ್ಯರನ್ನು ನೋಡಿ ಕುಡಿದಿದ್ದಾರೆ ಎಂದು ಹಾಸ್ಯ ಮಾಡಿದರು. ಪೇತ್ರನು ಎದ್ದು ನಿಂತು ಅದನ್ನು ಅಲ್ಲಗಳೆದನು. ಪವಿತ್ರಾತ್ಮನು ಬರುವುದಕ್ಕೆ ಯಾವ ಗಿಡವೂ ಬೇಕಾಗಿರಲಿಲ್ಲ. ನಮ್ಮ ಸಭೆಯ ಮೇಜಿನ ಮೇಲೂ ಅಮಲಿಲ್ಲದ ದ್ರಾಕ್ಷಿ ರಸವೇ ಇದೆ.

ಆದರೆ ಆ ಸತ್ಯವನ್ನು ನಾವು ಸಾಕ್ಷಿಯಿಂದ ಹೇಳಬೇಕು, ಪೊಲೀಸರ ಕೈಯಿಂದ ಹೇಳಿಸಬಾರದು. ಲಾಠಿಗೆ ಹೆದರಿ ತನ್ನ ಆರಾಧನೆ ಬಿಟ್ಟವನು ಯೇಸುವನ್ನು ಕಂಡಿರುವುದಿಲ್ಲ, ಲಾಠಿಯನ್ನು ಕಂಡಿರುತ್ತಾನೆ. ಜನರು ನಮಗೆ ಏನು ಮಾಡಬೇಕೆಂದು ನಾವು ಬಯಸುತ್ತೇವೋ ಅದೇ ಅಳತೆಯನ್ನು ಕರ್ತನು ಮತ್ತಾಯ 7:12ರಲ್ಲಿ ನಮ್ಮ ಕೈಗೆ ಕೊಟ್ಟಿದ್ದಾನೆ. ನಮ್ಮ ಪ್ರಾರ್ಥನೆಗೆ ಅಡ್ಡಿ ಬಂದಾಗ ಸ್ವಾತಂತ್ರ್ಯ ಕೇಳುವ ನಾವು, ನಮಗೆ ಒಪ್ಪಿಗೆಯಾಗದ ಪ್ರಾರ್ಥನೆಗೂ ಅದನ್ನೇ ಕೇಳಿದಾಗ ಮಾತ್ರ ನಮ್ಮ ಮಾತಿಗೆ ತೂಕ ಬರುತ್ತೆ.

ಈ ವಾರ ನಿಮ್ಮ ಪ್ರಾರ್ಥನೆಯಲ್ಲಿ ನಶೆಯಲ್ಲಿ ಬಿದ್ದಿರುವ ಮಕ್ಕಳನ್ನು ಹೆಸರು ಹಿಡಿದು ನೆನೆಸಿರಿ. ನಮ್ಮಂತೆ ಆರಾಧಿಸದ ನೆರೆಯವರನ್ನೂ ನೆನೆಸಿರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.